ಜ್ವಾಲಾಮುಖಿ ಬೂದಿಯಲ್ಲಿ ಲೋಹದ ಕಣ ಕಂಡರೆ: ಅದು ನಿಜವೋ, ಲ್ಯಾಬಿನ ಕಸವೋ?

ಜ್ವಾಲಾಮುಖಿಗಳು ಲೋಹವನ್ನು ಲೋಹವಾಗಿಯೇ ಹೊರಹಾಕುವುದುಂಟು. ಅಂಟಾರ್ಕ್ಟಿಕಾದ ಎರೆಬಸ್ ಪರ್ವತದ ಹೊಗೆಯಲ್ಲಿ ಚಿನ್ನದ ಸೂಕ್ಷ್ಮ ಕಣಗಳಿವೆ ಎಂದು 1991ರಲ್ಲಿ ವರದಿಯಾಯಿತು. ದಿನಕ್ಕೆ ಸುಮಾರು 80 ಗ್ರಾಂ ಚಿನ್ನ ಹೀಗೆ ಗಾಳಿಗೆ ಸೇರುತ್ತದೆಂಬ ಅಂದಾಜೂ ಇದೆ. ರಷ್ಯಾದ ಕಮ್ಚಾಟ್ಕಾದಲ್ಲಿರುವ ಟೋಲ್ಬಾಚಿಕ್‌ನಲ್ಲಿ 1975-76ರ ಮಹಾ ಬಿರುಕು ಸ್ಫೋಟದಿಂದ ಎದ್ದ ಗುಡ್ಡಗಳ ಮೇಲೆ, ಬಿಸಿ ಅನಿಲ ಹೊರಬರುವ ಬಾಯಿಗಳ ಸುತ್ತ ಚಿನ್ನದ ಹರಳುಗಳು ಸಿಕ್ಕಿವೆ. ಗ್ರೀನ್‌ಲ್ಯಾಂಡಿನ ಡಿಸ್ಕೊ ದ್ವೀಪದ ಬಸಾಲ್ಟಿನಲ್ಲಂತೂ ಟನ್‌ಗಟ್ಟಲೆ ತೂಗುವ ಕಬ್ಬಿಣದ ಬಂಡೆಗಳಿದ್ದವು. 1870ರಲ್ಲಿ ಅವನ್ನು ಕಂಡ ಸ್ವೀಡನ್ನಿನ ಅನ್ವೇಷಕ ನೋರ್ಡೆನ್‌ಶೋಲ್ಡ್ ಆಕಾಶದಿಂದ ಬಿದ್ದ ಉಲ್ಕೆಗಳೆಂದೇ ತಿಳಿದರು. ಅವು ಈ ಭೂಮಿಯವೇ ಎಂಬುದು ಆಮೇಲೆ ಸ್ಪಷ್ಟವಾಯಿತು.

ಇದಕ್ಕೆ ಇನ್ನೊಂದು ಮುಖವೂ ಇದೆ. ಅದೇ ಟೋಲ್ಬಾಚಿಕ್‌ನ 2012-13ರ ಲಾವಾದಲ್ಲಿ ಸೂಕ್ಷ್ಮ ವಜ್ರಗಳು ಸಿಕ್ಕವೆಂಬ ವರದಿ ಬಂದಾಗ, ಬೇರೆ ಸಂಶೋಧಕರು ಅವುಗಳ ಒಳಗಿದ್ದ ಮ್ಯಾಂಗನೀಸ್-ನಿಕಲ್ ಮಿಶ್ರಲೋಹದತ್ತ ಬೆರಳು ತೋರಿಸಿದರು. ಕಾರ್ಖಾನೆಯಲ್ಲಿ ಕೃತಕ ವಜ್ರ ಬೆಳೆಸುವಾಗ ಬಳಸುವುದೂ ಇಂಥದ್ದೇ ಲೋಹ. ಕಲ್ಲು ಕೊರೆಯುವ, ಕೊಯ್ಯುವ, ಉಜ್ಜುವ ಉಪಕರಣಗಳಲ್ಲಿ ಕೃತಕ ವಜ್ರ ಇದ್ದೇ ಇರುತ್ತದೆ. ವಜ್ರದ ವಿಷಯದಲ್ಲೇ ಇಷ್ಟು ಗೊಂದಲವಾಗುವುದಾದರೆ, ನಮ್ಮ ಸುತ್ತ ಎಲ್ಲೆಲ್ಲೂ ಇರುವ ಕಬ್ಬಿಣ, ತಾಮ್ರ, ಅಲ್ಯೂಮಿನಿಯಂಗಳ ಬಗ್ಗೆ ಎಷ್ಟು ಎಚ್ಚರ ಬೇಕು!

ಹಾಗಾಗಿ ಈ ಕೈಪಿಡಿ ಹಿಡಿದಿರುವ ದಾರಿ ಇದು: ಜ್ವಾಲಾಮುಖಿಯನ್ನು ನಂಬುವ ಮೊದಲು ನಮ್ಮ ಲ್ಯಾಬನ್ನು ಶಂಕಿಸಬೇಕು. ಸೂಜಿ, ಅಯಸ್ಕಾಂತದಿಂದ ಶುರುಮಾಡಿ, ಕಣದಲ್ಲಿ ಯಾವ ಧಾತು ಎಷ್ಟಿದೆ ಎಂದು ನಿಖರವಾಗಿ ಅಳೆಯುವ ಎಲೆಕ್ಟ್ರಾನ್ ಮೈಕ್ರೋಪ್ರೋಬ್‌ವರೆಗೆ ಹೋಗೋಣ. ಟೋಲ್ಬಾಚಿಕ್ ಬೂದಿಯಾಗಲಿ, ನಮ್ಮ ಅಂಡಮಾನಿನ ಬ್ಯಾರನ್ ದ್ವೀಪದ ಬೂದಿಯಾಗಲಿ ಕ್ರಮ ಒಂದೇ.

ಶುರುಮಾಡುವ ಮುಂಚೆ

ಒಣ ಬೂದಿ ಮುಟ್ಟುವಾಗ ಎನ್-95 ಮಾಸ್ಕ್ ಹಾಕಿಕೊಳ್ಳಿ. ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಚೂರು, ಹರಳು ಸಿಲಿಕಾ ಶ್ವಾಸಕೋಶಕ್ಕೆ ಹೋದರೆ ಸುಲಭವಾಗಿ ಹೊರಗೆ ಬರುವುದಿಲ್ಲ. ಅನಿಲದ ಬಾಯಿಯ ಸುತ್ತ ಕಟ್ಟಿದ ಬಣ್ಣಬಣ್ಣದ ಪೊರೆಗಳಲ್ಲಿ ಆರ್ಸೆನಿಕ್, ಥ್ಯಾಲಿಯಂ, ಸೀಸ ಇರಬಹುದು. ಅದಕ್ಕೆ ಗ್ಲೌಸ್ ಬೇಕೇ ಬೇಕು, ಅದೇ ಮೇಜಿನ ಮೇಲೆ ಟೀ ಲೋಟ ಇಡಬಾರದು. ಕಲ್ಲನ್ನು ಕರಗಿಸಲು ಹೈಡ್ರೋಫ್ಲೋರಿಕ್ ಆಮ್ಲ ಬಳಸುವ ಯೋಚನೆ ಇದ್ದರೆ, ತರಬೇತಿ ಪಡೆದವರಿಲ್ಲದೆ, ವಿಷಗಾಳಿ ಹೊರಗೆಳೆಯುವ ಫ್ಯೂಮ್ ಹುಡ್ ಇಲ್ಲದೆ, ಆಮ್ಲದ ಸುಟ್ಟಗಾಯಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟಕುವಲ್ಲಿ ಇಲ್ಲದೆ ಬಾಟಲಿಯ ಮುಚ್ಚಳವನ್ನೂ ತೆಗೆಯಬೇಡಿ. ಚಿನ್ನ ಹಿಡಿಯಲು ಪಾದರಸ ಹಾಕುವ ಹಳೆಯ ಪದ್ಧತಿಯನ್ನಂತೂ ಪೂರ್ತಿ ಮರೆತುಬಿಡಿ. ಅದು ವಿಷ, ಜೊತೆಗೆ ಕಣದ ಮೇಲ್ಮೈಯನ್ನೂ ಹಾಳುಮಾಡುತ್ತದೆ.

ಲಕ್ಷಣ: ಬೈನಾಕ್ಯುಲರ್ ಸೂಕ್ಷ್ಮದರ್ಶಕದಡಿ ಫಳಫಳ ಹೊಳೆಯುತ್ತದೆ

ಮೊದಲು ಬೆಳಕಿನ ದಿಕ್ಕು ಬದಲಿಸಿ, ಸ್ಯಾಂಪಲ್ಲನ್ನು ಸ್ವಲ್ಪ ತಿರುಗಿಸಿ. ಒಂದು ಕೋನದಲ್ಲಿ ಮಿಂಚಿ ಇನ್ನೊಂದರಲ್ಲಿ ಆರಿಹೋದರೆ ಅದು ಹೆಚ್ಚಾಗಿ ಅಭ್ರಕದ ಹಾಳೆ, ಗಾಜಿನ ಮುರಿದ ಮುಖ ಅಥವಾ ಹರಳಿನ ಸೀಳು. ಲೋಹವಾದರೆ ಎಲ್ಲ ಕೋನದಲ್ಲೂ ಬಣ್ಣ ಉಳಿಯುತ್ತದೆ, ನೆರಳಿಗೆ ಬಂದರೂ ಹಳದಿ ಹಳದಿಯೇ.

ಆಮೇಲೆ ಉಕ್ಕಿನ ಸಣ್ಣ ಸೂಜಿಯಿಂದ ಮೆಲ್ಲಗೆ ಒತ್ತಿ. ಚಿನ್ನ, ಬೆಳ್ಳಿ, ತಾಮ್ರ ಅದುಮಿದಷ್ಟು ಚಪ್ಪಟೆಯಾಗುತ್ತವೆ, ಸೂಜಿಯ ಗುರುತು ಹಾಗೇ ನಿಲ್ಲುತ್ತದೆ. ಚಿನ್ನದಂತೆ ಕಾಣುವ ಗಂಧಕದ ಖನಿಜಗಳಾದ ಪೈರೈಟ್, ಚಾಲ್ಕೋಪೈರೈಟ್ ಪುಡಿಯಾಗುತ್ತವೆ. ಖರ್ಚಿಲ್ಲದ ಈ ಪರೀಕ್ಷೆ ನೂರರಲ್ಲಿ ಬಹುಪಾಲು 'ಚಿನ್ನ'ಗಳನ್ನು ಇಲ್ಲೇ ಹೊರಗೆ ಹಾಕುತ್ತದೆ. ಒಂದೇ ಕಣ ಇದ್ದರೆ ಮಾತ್ರ ಒತ್ತಬೇಡಿ. ಅದರ ಆಕಾರವೇ ಮುಂದಿನ ಸಾಕ್ಷಿ, ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ.

ಅಯಸ್ಕಾಂತವನ್ನು ತೆಳು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮೇಲಿನಿಂದ ಆಡಿಸಿ. ಬಸಾಲ್ಟ್ ಬೂದಿಯಲ್ಲಿ ಅಂಟಿಕೊಳ್ಳುವುದು ಹೆಚ್ಚಾಗಿ ಕಬ್ಬಿಣದ ಆಕ್ಸೈಡುಗಳಾದ ಮ್ಯಾಗ್ನಟೈಟ್, ಟೈಟಾನೋಮ್ಯಾಗ್ನಟೈಟ್. ಅಂಟಿಕೊಂಡಿತೆಂದು ಕಬ್ಬಿಣ ಎನ್ನಲಾಗದು. ಆದರೆ ಬೆಳ್ಳಗೆ ಹೊಳೆಯುವ, ಒತ್ತಿದರೆ ಬಾಗುವ ಕಣ ಅಯಸ್ಕಾಂತಕ್ಕೆ ಹಾರಿ ಅಂಟಿದರೆ ಅದನ್ನು ಬೇರೆ ಡಬ್ಬಿಯಲ್ಲಿಡಿ, ಅದರ ವಿಚಾರ ಕೆಳಗೆ ಬರುತ್ತದೆ.

ಲಕ್ಷಣ: ಬೇರೆಬೇರೆ ಕಡೆಯ ಸ್ಯಾಂಪಲ್‌ಗಳಲ್ಲೂ ಅದೇ ಲೋಹ

ಇಲ್ಲಿ ನಿಂತು ಯೋಚಿಸಬೇಕು. ನೂರಾರು ಕಿಲೋಮೀಟರ್ ದೂರದ ಎರಡು ಜಾಗಗಳ ಬೂದಿಯಲ್ಲಿ ಒಂದೇ ಬಗೆಯ ತಾಮ್ರ-ಸತು ಚೂರು ಸಿಗುತ್ತಿದ್ದರೆ, ಎರಡಕ್ಕೂ ಸಮಾನವಾಗಿರುವುದು ಜ್ವಾಲಾಮುಖಿಯಲ್ಲ, ನಿಮ್ಮ ಜರಡಿ.

ಇದನ್ನು ಖಚಿತಪಡಿಸಿಕೊಳ್ಳುವ ದಾರಿ ಬ್ಲ್ಯಾಂಕ್. ಆಮ್ಲದಲ್ಲಿ ತೊಳೆದ ಶುದ್ಧ ಸ್ಫಟಿಕದ ಮರಳನ್ನು ನಿಮ್ಮ ಸ್ಯಾಂಪಲ್ ಹೋದ ಹಾದಿಯಲ್ಲೇ ಕಳಿಸಿ: ಅದೇ ಕ್ರಷರ್, ಅದೇ ಜರಡಿ, ಹಗುರ ಕಣ ತೇಲಿಸಿ ಭಾರದ ಕಣ ಮುಳುಗಿಸುವ ಅದೇ ಭಾರದ್ರವ, ಅದೇ ಒಲೆ, ಅದೇ ಬ್ರಷ್. ಕೊನೆಗೆ ಉಳಿದದ್ದನ್ನು ಸೂಕ್ಷ್ಮದರ್ಶಕದಡಿ ನೋಡಿ. ಅಲ್ಲಿ ಏನು ಕಂಡರೂ ಅದು ಲ್ಯಾಬಿನದು. ಬ್ಲ್ಯಾಂಕ್ ಮಾಡದೆ ಬರೆದ ಬಿಡಿ ಕಣಗಳ ವರದಿಯನ್ನು ನಾನು ಓದಿದಾಗ, ಚಿತ್ರ ಎಷ್ಟೇ ಚೆನ್ನಾಗಿದ್ದರೂ ನಂಬಿಕೆ ಅರ್ಧಕ್ಕೆ ಇಳಿಯುತ್ತದೆ. ಒಂದು ದಿನದ ಕೆಲಸವನ್ನು ಬಿಟ್ಟು ಇಡೀ ಪ್ರಬಂಧವನ್ನೇ ಅಪಾಯಕ್ಕೆ ಒಡ್ಡುವುದು ಯಾಕೆ?

ಬ್ಲ್ಯಾಂಕಿನಲ್ಲಿ ಸಿಗುವ ಲೋಹ ತನ್ನ ಮೂಲವನ್ನು ತಾನೇ ಹೇಳುತ್ತದೆ. ತಾಮ್ರ-ಸತು ಒಟ್ಟಿಗೆ ಬಂದರೆ ಹಿತ್ತಾಳೆ ಜರಡಿ. ತವರ-ಸೀಸ ಬಂದರೆ ಜರಡಿಯ ಬಲೆಯನ್ನು ಚೌಕಟ್ಟಿಗೆ ಕೂರಿಸಿದ ಬೆಸುಗೆ. ಕಬ್ಬಿಣದ ಜೊತೆ ಶೇಕಡಾ ಹನ್ನೆರಡರ ಆಸುಪಾಸು ಮ್ಯಾಂಗನೀಸ್ ಇದ್ದರೆ ಜಾ ಕ್ರಷರಿನ ದವಡೆ. ಟಂಗ್‌ಸ್ಟನ್, ಜೊತೆಗೆ ಕೋಬಾಲ್ಟ್ ಬಂದರೆ ಪುಡಿಮಾಡುವ ಟಂಗ್‌ಸ್ಟನ್ ಕಾರ್ಬೈಡ್ ಬಟ್ಟಲು. ಬರೀ ಟಂಗ್‌ಸ್ಟನ್, ಅದೂ ಕಣದ ಮೇಲೆ ಪೊರೆಯಂತೆ ಇದ್ದರೆ ಸೋಡಿಯಂ ಪಾಲಿಟಂಗ್‌ಸ್ಟೇಟ್ ಎಂಬ ಭಾರದ್ರವ ಸರಿಯಾಗಿ ತೊಳೆದುಹೋಗಿಲ್ಲ. ಹಳೆಯ ಭಾರದ್ರವ ಬ್ರೋಮೋಫಾರ್ಮ್ ವಿಷಕಾರಿ ಎಂದು ಈಗ ಬಹಳ ಲ್ಯಾಬುಗಳು ಪಾಲಿಟಂಗ್‌ಸ್ಟೇಟಿಗೆ ಬದಲಾಗಿವೆ. ಒಳ್ಳೆಯದೇ, ಆದರೆ ಬಿಸಿ ಡಿಸ್ಟಿಲ್ಡ್ ನೀರಿನಲ್ಲಿ ಮತ್ತೆಮತ್ತೆ ತೊಳೆಯದಿದ್ದರೆ ಅದು ಹೋಗುವುದಿಲ್ಲ.

ಚಿನ್ನದ ವಿಷಯದಲ್ಲಿ ನಮ್ಮವರಿಗೆ ಇನ್ನೊಂದು ಮಾತು. ಸ್ಯಾಂಪಲ್ ಆರಿಸುವವರು ಉಂಗುರ, ಬಳೆ ಬಿಚ್ಚಿಟ್ಟು ಕೂರಲಿ. ಒರಟು ಬೂದಿ ಚಿನ್ನವನ್ನು ಸುಲಭವಾಗಿ ಉಜ್ಜಿ ತೆಗೆಯುತ್ತದೆ. ನೈಸರ್ಗಿಕ ಚಿನ್ನದಲ್ಲಿ ಬೆಳ್ಳಿ ಇರುವುದು ಸಾಮಾನ್ಯ, ತಾಮ್ರವೂ ಇರಬಹುದು. ಆದರೆ ವಿಶ್ಲೇಷಣೆಯಲ್ಲಿ ಚಿನ್ನ 91.6ರ ಹತ್ತಿರ, ಉಳಿದದ್ದು ತಾಮ್ರ, ಬೆಳ್ಳಿ, ಸತು ಎಂದು ಬಂದರೆ ಅದು 22 ಕ್ಯಾರೆಟ್ ಒಡವೆಯ ಲೆಕ್ಕ. ಕ್ಯಾಡ್ಮಿಯಂ ಕಂಡರೆ ಹಳೆಯ ಕೆಡಿಎಂ ಬೆಸುಗೆಯ ಗುಮಾನಿ ಬರಬೇಕು. ಅಲ್ಲೂ ಒಂದು ಬಲೆ ಇದೆ. ಎಕ್ಸ್-ರೇ ವಿಶ್ಲೇಷಣೆಯಲ್ಲಿ ಪ್ರತಿ ಧಾತುವೂ ತನ್ನದೇ ಶಕ್ತಿಗಳಲ್ಲಿ (ಅಳತೆ ಕೆಇವಿ) ಮೊನೆ, ಅಂದರೆ ಪೀಕ್, ಏಳಿಸುತ್ತದೆ: ಬೆಳ್ಳಿಯ ಎಲ್-ಬೀಟಾ ಪೀಕ್ 3.15 ಕೆಇವಿಯಲ್ಲಿ, ಕ್ಯಾಡ್ಮಿಯಂನ ಎಲ್-ಆಲ್ಫಾ 3.13ರಲ್ಲಿ. ಬೆಳ್ಳಿ ಹೆಚ್ಚಿರುವ ನಿಜವಾದ ಚಿನ್ನಕ್ಕೂ ಸಾಫ್ಟ್‌ವೇರ್ 'ಕ್ಯಾಡ್ಮಿಯಂ' ಎಂದು ಹಣೆಪಟ್ಟಿ ಹಚ್ಚಿಬಿಡಬಹುದು.

ಲಕ್ಷಣ: ಸುರುಳಿ, ಗೆರೆ, ಇಲ್ಲವೇ ಪೂರ್ತಿ ದುಂಡು

ಸುರುಳಿಯಾಗಿ ಬಳುಕಿದ, ಒಂದೇ ದಿಕ್ಕಿನ ಸಮಾನಾಂತರ ಗೆರೆಗಳಿರುವ ಚೂರು ಲೇತ್, ಡ್ರಿಲ್ ಅಥವಾ ಗರಗಸದಿಂದ ಬಂದದ್ದು. ಅದರ ಮೇಲೆ ಹೊತ್ತು ಕಳೆಯಬೇಡಿ. ಪೂರ್ತಿ ದುಂಡಗಿನ ಕಬ್ಬಿಣದ ಗುಂಡುಗಳು ವೆಲ್ಡಿಂಗ್, ಗ್ರೈಂಡಿಂಗ್ ಕಿಡಿಗಳಿಂದಲೂ ಬರುತ್ತವೆ, ಉಷ್ಣವಿದ್ಯುತ್ ಸ್ಥಾವರದ ಹಾರುಬೂದಿಯಿಂದಲೂ ಬರುತ್ತವೆ. ಅಂತರಿಕ್ಷದ ಧೂಳಿನಲ್ಲೂ ಇವೆ. ದುಂಡಗಿದೆ ಎಂಬುದೊಂದರಿಂದ ಏನೂ ತೀರ್ಮಾನವಾಗದು.

ಅನಿಲದಿಂದ ನೇರವಾಗಿ ಹರಳುಗಟ್ಟಿದ ಲೋಹಕ್ಕೆ ಮೂಲೆಗಳಿರುತ್ತವೆ: ತ್ರಿಕೋನ ಮುಖಗಳು, ಮೆಟ್ಟಿಲಿನಂಥ ಬೆಳವಣಿಗೆ, ತೆಳು ಹಾಳೆ, ಕೂದಲೆಳೆ. ಅದರ ಬುಡ ಪಕ್ಕದ ಖನಿಜಕ್ಕೆ ಅಂಟಿಕೊಂಡೇ ಬೆಳೆದಿದ್ದರೆ ಒಳ್ಳೆಯ ಸೂಚನೆ.

ಲಕ್ಷಣ: ತೊಳೆದ ಮೇಲೆ ಕಣವೇ ಇಲ್ಲ

ಟೋಲ್ಬಾಚಿಕ್‌ನ ಪೊರೆಗಳಲ್ಲಿ ನೀರಿಗೆ ಕರಗುವ ಖನಿಜಗಳು ಬಹಳ. ತಾಮ್ರದ ಕ್ಲೋರೈಡ್ ಆದ ಟೋಲ್ಬಾಚೈಟ್‌ಗೆ ಹೆಸರು ಬಂದದ್ದೇ ಆ ಪರ್ವತದಿಂದ. ಅದು ಗಾಳಿಯ ತೇವ ಹೀರಿ ನೀಲಿ-ಹಸಿರಿನ ಎರಿಯೋಕ್ಯಾಲ್ಸೈಟ್ ಆಗುತ್ತದೆ. ನೀರಿಗಿಟ್ಟರೆ ಪೊರೆಯೇ ಕರಗಿ, ಅದಕ್ಕೆ ಅಂಟಿದ್ದ ಲೋಹದ ಕಣ ಸಿಂಕಿಗೆ ಹೋಗುತ್ತದೆ. ಆಲ್ಕೋಹಾಲ್ ಸುರಕ್ಷಿತ ಎಂದುಕೊಳ್ಳಬೇಡಿ, ತಾಮ್ರದ ಕ್ಲೋರೈಡ್ ಅದರಲ್ಲೂ ಕರಗುತ್ತದೆ. ಇಂಥವನ್ನು ತೊಳೆಯದೆ, ಒಣ ಸ್ಥಿತಿಯಲ್ಲೇ ನೋಡಬೇಕು: ರಬ್ಬರ್ ಬ್ಲೋವರಿನಿಂದ ಮೆಲ್ಲಗೆ ಊದಿ ಧೂಳು ತೆಗೆಯಿರಿ, ಸಿಲಿಕಾ ಜೆಲ್ ಇಟ್ಟ ಮುಚ್ಚಿದ ಡಬ್ಬಿಯಲ್ಲಿಡಿ, ಸ್ಥಳದಿಂದ ತಂದ ಕೂಡಲೇ ಫೋಟೋ ತೆಗೆಯಿರಿ. ಬರೀ ಗಾಜಿನ ಬೂದಿಯಾದರೆ ತೊಳೆಯಬಹುದು.

ಲಕ್ಷಣ: ಪಾಲಿಶ್ ಮಾಡಿದ ಮೇಲೆ ಲೋಹ ಉದ್ದಕ್ಕೆ ಎಳೆದುಕೊಂಡಿದೆ

ಚಿನ್ನ, ತಾಮ್ರ ಮೆದು. ಉಜ್ಜುವ ದಿಕ್ಕಿಗೆ ಬಾಲ ಬೆಳೆಸಿ ಪಕ್ಕದ ಗಾಜಿನ ಬಿರುಕಿಗೆ ನುಗ್ಗುತ್ತವೆ. ಬಿರುಕಿನಲ್ಲಿ ಕೂತ ಆ ಲೋಹವನ್ನು 'ಬಿರುಕಿನಲ್ಲಿ ನೈಸರ್ಗಿಕವಾಗಿ ಬೆಳೆದದ್ದು' ಎಂದು ಬರೆಯುವ ಅಪಾಯ ಇಲ್ಲಿದೆ. ಕಣಗಳನ್ನು ಎಪಾಕ್ಸಿ ಅಂಟಿನಲ್ಲಿ ಹೂತ ಬ್ಲಾಕನ್ನು 90 ಡಿಗ್ರಿ ತಿರುಗಿಸಿ ಕೊನೆಯ ಹಂತದ ಪಾಲಿಶ್ ಮತ್ತೊಮ್ಮೆ ಮಾಡಿ. ಬಾಲದ ದಿಕ್ಕೂ ತಿರುಗಿದರೆ ಅದು ಎಳೆತ. ಪ್ರತಿಫಲಿತ ಬೆಳಕಿನಲ್ಲಿ ಚಿನ್ನ ಕಣ್ಣು ಕುಕ್ಕುವ ಹಳದಿ, ಪೈರೈಟ್ ಅದರ ಪಕ್ಕದಲ್ಲಿ ಮಸುಕು. ಹೊಸ ತಾಮ್ರ ಗುಲಾಬಿ, ಗಾಳಿಗೆ ಬೇಗ ಕಂದುತ್ತದೆ. ಬೆಳ್ಳಿ ತುಂಬ ಬಿಳುಪು, ಅದೂ ಕಪ್ಪಾಗುತ್ತದೆ. ಪಾಲಿಶ್ ಮಾಡಿದ ದಿನವೇ ನೋಡಿಬಿಡಿ.

ಎಪಾಕ್ಸಿ ಕಲಸುವಾಗ ಗಾಳಿಯಾಡುವ ಜಾಗ, ನೈಟ್ರೈಲ್ ಗ್ಲೌಸ್ ಇರಲಿ.

ಲಕ್ಷಣ: ಎಸ್‌ಇಎಂನಲ್ಲಿ (ಎಲೆಕ್ಟ್ರಾನ್ ಬೀಮ್ ಹಾಯಿಸಿ ನೋಡುವ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ) ಚಿತ್ರ ಅಲುಗುತ್ತದೆ, ಬಿಳಿ ಪಟ್ಟೆ ಬರುತ್ತದೆ, ಕಣ ಜಿಗಿಯುತ್ತದೆ

ಚಿತ್ರ ಅಲುಗಿದರೆ ವಿದ್ಯುದಾವೇಶ ಹೋಗಲು ದಾರಿ ಸಿಕ್ಕಿಲ್ಲ ಎಂದರ್ಥ. ಕಾರ್ಬನ್ ಟೇಪ್ ಸ್ಟಬ್‌ನ (ಸ್ಯಾಂಪಲ್ ಕೂರಿಸುವ ಬಿಲ್ಲೆಯ) ಅಂಚಿನವರೆಗೆ ಮುಟ್ಟಿದೆಯೇ ನೋಡಿ, ಕೆವಿ (ಬೀಮಿನ ವೋಲ್ಟೇಜ್) ಇಳಿಸಿ, ಕಾರ್ಬನ್ ಕೋಟಿಂಗ್ ಮತ್ತೆ ಮಾಡಿ.

ಕಣ ಜಿಗಿದರೆ ಮಾತ್ರ ಕೂಡಲೇ ಬೀಮ್ ಆಫ್ ಮಾಡಿ. ಕಬ್ಬಿಣ, ಮ್ಯಾಗ್ನಟೈಟ್ ಕಣಗಳು ಲೆನ್ಸಿನ ಕಾಂತಕ್ಷೇತ್ರಕ್ಕೆ ಸಿಕ್ಕಿ ಮೇಲೆ ಹಾರಿ ಲೆನ್ಸಿನ ತುದಿಯಾದ ಪೋಲ್ ಪೀಸಿಗೆ ಅಂಟುತ್ತವೆ. ಆಮೇಲೆ ಎಲ್ಲರ ಚಿತ್ರವೂ ಕೆಡುತ್ತದೆ. ಅಯಸ್ಕಾಂತಕ್ಕೆ ಅಂಟಿದ ಕಣಗಳನ್ನು ಎಪಾಕ್ಸಿಯಲ್ಲಿ ಹೂತು ಪಾಲಿಶ್ ಮಾಡಿಯೇ ಒಳಗಿಡಿ, ಬಿಡಿಪುಡಿಯಾಗಿ ಎಂದೂ ಬೇಡ. ಒಮ್ಮೆ ಅಂಟಿದ ಕಣವನ್ನು ನೀವಾಗಿ ಕೈಹಾಕಿ ತೆಗೆಯಲು ಹೋಗಬೇಡಿ, ಆಪರೇಟರನ್ನು ಕರೆಯಿರಿ. ಕಾಲಮ್ ಬಿಚ್ಚುವುದು ಸರ್ವಿಸ್ ಎಂಜಿನಿಯರ್ ಕೆಲಸ, ಒಳಗೆ ಸಾವಿರಾರು ವೋಲ್ಟ್ ಇರುತ್ತದೆ.

ಲಕ್ಷಣ: ಬಿಎಸ್‌ಇ ಚಿತ್ರದಲ್ಲಿ ಬೆಳ್ಳಗಿದೆ, ಹಾಗಾದರೆ ಲೋಹವೇ ತಾನೇ?

ಅಲ್ಲ. ಬಿಎಸ್‌ಇ ಎಂದರೆ ಕಣಕ್ಕೆ ಬಡಿದು ಹಿಂದಕ್ಕೆ ಚಿಮ್ಮಿದ ಎಲೆಕ್ಟ್ರಾನ್‌ಗಳ ಚಿತ್ರ; ಅದರ ಬಿಳುಪು ಹೇಳುವುದು ಸರಾಸರಿ ಪರಮಾಣು ಸಂಖ್ಯೆ ಹೆಚ್ಚೆಂದು ಮಾತ್ರ. ಬೇರೈಟ್, ಜಿರ್ಕಾನ್, ಸೀಸದ ಕ್ಲೋರೈಡ್, ಸೀಸದ ಸಲ್ಫೇಟ್ ಎಲ್ಲವೂ ಗಾಜಿನ ನಡುವೆ ದೀಪದಂತೆ ಉರಿಯುತ್ತವೆ. ಇಡಿಎಸ್‌ನಲ್ಲಿ (ಕಣ ಹೊರಸೂಸುವ ಎಕ್ಸ್-ರೇಯಿಂದ ಧಾತು ಗುರುತಿಸುವ ಸಾಧನದಲ್ಲಿ) ಮೊದಲು ನೋಡಬೇಕಾದದ್ದು ಲೋಹದ ಪೀಕ್ ಅಲ್ಲ, ಆಮ್ಲಜನಕ, ಗಂಧಕ, ಕ್ಲೋರಿನ್ ಪೀಕ್‌ಗಳು. ಅವು ಗಟ್ಟಿಯಾಗಿದ್ದರೆ ಅದು ಸಂಯುಕ್ತ.

ಲಕ್ಷಣ: ಎಲ್ಲಿ ಬೀಮ್ ಇಟ್ಟರೂ ಅಲ್ಯೂಮಿನಿಯಂ, ಇಲ್ಲವೇ ಚಿನ್ನ

ಮೊದಲು ಬೀಮನ್ನು ಖಾಲಿ ಟೇಪಿನ ಮೇಲೆ ಇಟ್ಟು ಸ್ಪೆಕ್ಟ್ರಮ್ ತೆಗೆಯಿರಿ. ಅಲ್ಲೂ ಅಲ್ಯೂಮಿನಿಯಂ ಬಂದರೆ ಅದು ಸ್ಟಬ್ಬಿನದು. ಕಾರ್ಬನ್ ಸ್ಟಬ್ ಬಳಸಿ. ಅಲ್ಲೂ ಚಿನ್ನ ಬಂದರೆ ಯಾರೋ ಗೋಲ್ಡ್ ಕೋಟಿಂಗ್ ಮಾಡಿಕೊಟ್ಟಿದ್ದಾರೆ. ಚಿನ್ನ ಹುಡುಕುವ ಸ್ಯಾಂಪಲ್ಲಿಗೆ ಗೋಲ್ಡ್ ಕೋಟಿಂಗ್ ಮಾಡಬಾರದು ಎಂದು ಫಾರ್ಮಿನಲ್ಲಿ ದೊಡ್ಡದಾಗಿ ಬರೆದುಕೊಡಿ. ಕೋಟಿಂಗ್ ಘಟಕವನ್ನು ಎಲ್ಲರೂ ಬಳಸುವುದರಿಂದ, ಕೇಳದೆಯೇ ಮಾಡಿಬಿಡುವುದು ಸಾಮಾನ್ಯ.

ಕಣದ ಮೇಲೆ ಮಾತ್ರ ಅಲ್ಯೂಮಿನಿಯಂ ಬಂದರೆ ಇನ್ನೂ ಎರಡು ಪ್ರಶ್ನೆ. ಆಮ್ಲಜನಕವೂ ಜೋರಾಗಿದ್ದರೆ ಅದು ಪಾಲಿಶ್‌ಗೆ ಬಳಸಿದ ಅಲ್ಯೂಮಿನಾ ಪುಡಿ. ಆಮ್ಲಜನಕ ಇಲ್ಲದಿದ್ದರೆ 11.9 ಕೆಇವಿ ಬಳಿ ನೋಡಿ: ಬ್ರೋಮಿನ್‌ನ ಎಲ್ ಪೀಕ್ 1.48ರಲ್ಲಿ ಅಲ್ಯೂಮಿನಿಯಂ ಮೇಲೆಯೇ ಕೂರುತ್ತದೆ, ಅದರ ಕೆ ಪೀಕ್ 11.9ರಲ್ಲಿ ಸಿಕ್ಕರೆ ಬ್ರೋಮೋಫಾರ್ಮ್ ಉಳಿಕೆ ಅಥವಾ ಬ್ರೋಮೈಡ್. ಇದೇ ರೀತಿ ಟಂಗ್‌ಸ್ಟನ್‌ನ 1.77 ಸಿಲಿಕಾನ್‌ನ 1.74ರ ಜೊತೆ ಬೆರೆಯುತ್ತದೆ, ಟಂಗ್‌ಸ್ಟನ್ ಖಚಿತವಾಗಲು 8.40 ನೋಡಬೇಕು. ಗಂಧಕ 2.31, ಸೀಸ 2.35, ಮಾಲಿಬ್ಡಿನಂ 2.29 ಮೂರೂ ಒಂದೇ ಗುಡ್ಡೆಯಾಗುತ್ತವೆ; ಸೀಸಕ್ಕೆ 10.55 ಸಾಕ್ಷಿ. 11.9, 8.40, 10.55ರ ಈ ಹೆಚ್ಚು ಶಕ್ತಿಯ ಪೀಕ್‌ಗಳು ಚೆನ್ನಾಗಿ ಏಳಬೇಕಾದರೆ 20 ಕೆವಿ ಬೇಕು. 10 ಕೆವಿಯಲ್ಲಿ ತೆಗೆದ ಸ್ಪೆಕ್ಟ್ರಮ್‌ನಲ್ಲಿ ಅವು ಇಲ್ಲವೆಂದು ವಾದಿಸಲಾಗದು.

ಇಷ್ಟೆಲ್ಲ ದಾಟಿಯೂ ಲೋಹೀಯ ಅಲ್ಯೂಮಿನಿಯಂ ಎಂದೇ ನಿಂತರೆ? ಸೈಬೀರಿಯಾದ ಬಸಾಲ್ಟ್‌ಗಳಿಂದ, ಟೋಲ್ಬಾಚಿಕ್‌ನಿಂದ ಇಂಥ ವರದಿಗಳಿವೆ. ಆದರೆ ಅಲ್ಯೂಮಿನಿಯಂ ಆಮ್ಲಜನಕವನ್ನು ಅಷ್ಟು ಬಿಗಿಯಾಗಿ ಹಿಡಿಯುವುದರಿಂದ, ಸಾಮಾನ್ಯ ಮ್ಯಾಗ್ಮಾದಲ್ಲಿ ಅದು ಲೋಹವಾಗಿ ಉಳಿಯುವುದನ್ನು ವಿವರಿಸುವುದು ಬಹಳ ಕಷ್ಟ. ಬಿಡಿಕಣದ ಬಲದ ಮೇಲೆ ಅದನ್ನು ಹೇಳಬೇಡಿ.

ಲಕ್ಷಣ: ತಾಮ್ರ ಶೇಕಡಾ 100 ಎಂದು ಬರುತ್ತದೆ, ಆದರೆ ಕಣ ಕಪ್ಪು

ಸಾಫ್ಟ್‌ವೇರ್ ಧಾತುಗಳ ಶೇಕಡಾ ಮೊತ್ತವನ್ನು ಬಲವಂತವಾಗಿ ನೂರಕ್ಕೆ ಹೊಂದಿಸುತ್ತಿದೆ. ನಾರ್ಮಲೈಸ್ ಆಯ್ಕೆ ತೆಗೆದು ಮತ್ತೆ ನೋಡಿ. ಚಪ್ಪಟೆ ಪಾಲಿಶ್ ಮಾಡಿದ ಕಣದಲ್ಲಿ ತಾಮ್ರ 80ರ ಹತ್ತಿರ ನಿಂತರೆ ಅದು ತಾಮ್ರದ ಆಕ್ಸೈಡ್ ಆದ ಟೆನೊರೈಟ್, ಅದರಲ್ಲಿ ತಾಮ್ರ ತೂಕದಲ್ಲಿ 79.9. 89ರ ಹತ್ತಿರವಾದರೆ ಇನ್ನೊಂದು ಆಕ್ಸೈಡ್ ಆದ ಕುಪ್ರೈಟ್, ಅದರಲ್ಲಿ 88.8, ಅದಕ್ಕೆ ಕೆಂಪು ಒಳಹೊಳಪೂ ಇರುತ್ತದೆ. ಟೋಲ್ಬಾಚಿಕ್‌ನ ಅನಿಲಬಾಯಿಗಳಲ್ಲಿ ಗಾಳಿ ಬೆರೆಯುವುದರಿಂದ ಟೆನೊರೈಟ್ ಧಾರಾಳ. ಒರಟು ಕಣದಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಓರೆ ಮುಖಗಳು ಮೊತ್ತವನ್ನು ಕೆಡಿಸುತ್ತವೆ.

ಲಕ್ಷಣ: ಕಬ್ಬಿಣವೇ, ಆಮ್ಲಜನಕ ಇಲ್ಲ

ಜೊತೆಗಿರುವುದನ್ನು ನೋಡಿ. ಕ್ರೋಮಿಯಂ, ಮಾಲಿಬ್ಡಿನಂ, ಮ್ಯಾಂಗನೀಸ್ ಇದ್ದರೆ ಉಕ್ಕು. ಕ್ರೋಮಿಯಂನ ಬೀಟಾ ಪೀಕ್ 5.95 ಮ್ಯಾಂಗನೀಸ್‌ನ 5.90ರ ಮೇಲೆ ಬರುವುದರಿಂದ ಸಣ್ಣ ಮ್ಯಾಂಗನೀಸನ್ನು ಲೆಕ್ಕಕ್ಕೆ ಇಡಬೇಡಿ. ನಿಕಲ್ ಶೇಕಡಾ ಐದಕ್ಕೂ ಮೇಲಿದ್ದು ಕೋಬಾಲ್ಟ್ ಸ್ವಲ್ಪ ಇದ್ದರೆ ಉಲ್ಕೆಯ ಸಾಧ್ಯತೆ. ಡಿಸ್ಕೊ ಕಬ್ಬಿಣದಲ್ಲಿ ನಿಕಲ್ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ, ಜೊತೆಗೆ ಕಬ್ಬಿಣದ ಕಾರ್ಬೈಡ್ ಆದ ಕೊಹೆನೈಟ್ ಇರುತ್ತದೆ. ಅಲ್ಲಿ ಮ್ಯಾಗ್ಮಾ ಇಂಗಾಲ ತುಂಬಿದ ಕೆಸರುಕಲ್ಲುಗಳನ್ನು ನುಂಗಿತು, ಆ ಇಂಗಾಲ ಆಮ್ಲಜನಕವನ್ನು ಕಿತ್ತುಕೊಂಡಿತು. ನಿಮ್ಮ ಜ್ವಾಲಾಮುಖಿಯ ಕೆಳಗೆ ಅಂಥ ಕಲ್ಲು ಇದೆಯೇ? ಇಲ್ಲದಿದ್ದರೆ ಸಾಮಾನ್ಯ ಬಸಾಲ್ಟಿನಲ್ಲಿ ಆಮ್ಲಜನಕದ ಒತ್ತಡ ಲೋಹೀಯ ಕಬ್ಬಿಣಕ್ಕೆ ಬೇಕಾದದ್ದಕ್ಕಿಂತ ಸಾವಿರಾರು ಪಟ್ಟು ಹೆಚ್ಚು.

ಎಲ್ಲ ಪರೀಕ್ಷೆ ದಾಟಿದ ಕಣ

ಈಗ ಉಳಿದದ್ದು ಅದು ಎಲ್ಲಿ ಕೂತಿದೆ ಎಂಬ ಪ್ರಶ್ನೆ, ಮತ್ತು ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಪುಡಿಮಾಡದ ಲ್ಯಾಪಿಲಿ (ಬೂದಿಗಿಂತ ದಪ್ಪನೆಯ ಜ್ವಾಲಾಮುಖಿ ಕಲ್ಲುಚೂರು) ತುಂಡೊಂದನ್ನು ಎಪಾಕ್ಸಿಯಲ್ಲಿ ಕೂರಿಸಿ ಹಂತಹಂತವಾಗಿ ಉಜ್ಜಿ ಒಳಗೆ ನೋಡಿ. ಸುತ್ತಲೂ ಬಿರುಕಿಲ್ಲದ ಗಾಜು ಮುಚ್ಚಿಕೊಂಡ ಒಂದೇ ಒಂದು ಕಣ, ಅಥವಾ ಆಲಿವೀನ್ ಹರಳಿನೊಳಗೆ ಸೆರೆಯಾದ ಕಣ, ಡಬ್ಬಿಗಟ್ಟಲೆ ಬಿಡಿಕಣಗಳಿಗಿಂತ ಬೆಲೆಯುಳ್ಳದ್ದು. ಗಾಳಿಗುಳ್ಳೆಯ ಒಳಗೋಡೆಗೆ ಅಂಟಿದ್ದರೆ ಆ ಗುಳ್ಳೆ ಹೊರಗೆ ತೆರೆದಿತ್ತೇ ಎಂದು ಪರೀಕ್ಷಿಸಿ. ತೆರೆದಿದ್ದರೆ ಪಾಲಿಶ್ ಕಸ ಅಲ್ಲಿಗೇ ಹೋಗಿ ಕೂರುತ್ತದೆ.

ಇಲ್ಲಿಂದ ಮುಂದಿನದು ನಿಮ್ಮ ಕೈಯಲ್ಲಿ ಮುಗಿಯುವ ಕೆಲಸವಲ್ಲ. ಕಣ 5 ಮೈಕ್ರಾನ್‌ಗಿಂತ ಚಿಕ್ಕದಾಗಿ ಸುತ್ತಲಿನ ಗಾಜಿನ ಸಿಲಿಕಾನ್ ಸ್ಪೆಕ್ಟ್ರಮ್‌ನಲ್ಲಿ ನುಸುಳುತ್ತಿದ್ದರೆ, ಮೊತ್ತ 98ರಿಂದ 101ರೊಳಗೆ ನಿಲ್ಲದಿದ್ದರೆ, ಅಥವಾ ವಾದವೆಲ್ಲ ಒಂದೇ ಕಣದ ಮೇಲೆ ನಿಂತಿದ್ದರೆ ಎಲೆಕ್ಟ್ರಾನ್ ಮೈಕ್ರೋಪ್ರೋಬ್ ಇರುವ ಸಂಸ್ಥೆಗೆ ಕಳಿಸಿ. ಜೊತೆಗೆ ಪಾಲಿಶ್ ಬ್ಲಾಕ್, ಕಣದ ಜಾಗ ಗುರುತಿಸಿದ ಚಿತ್ರ, ಬ್ಲ್ಯಾಂಕಿನ ಬ್ಲಾಕ್, ಮತ್ತು ಸ್ಯಾಂಪಲ್ ಮುಟ್ಟಿದ ಪ್ರತಿ ಉಪಕರಣದ ಲೋಹ ಯಾವುದೆಂಬ ಪಟ್ಟಿ ಹೋಗಲಿ. ಅನಿಲಬಾಯಿಗೆ ಸಿಲಿಕಾ ಕೊಳವೆ ತೂರಿಸಿ ಸಂಗ್ರಹಿಸಿದ್ದಾದರೆ, ಕೊಳವೆ ಹಿಡಿದ ಲೋಹದ ಕ್ಲಾಂಪನ್ನೂ ಆ ಪಟ್ಟಿಯಲ್ಲಿ ಬರೆಯಿರಿ.